ಅಟ್ಟದಿಂದ ಇಳಿದ ಟಿಪ್ಪು ಕೋವಿ: ಒಂದು ಹರಾಜಿನ ಪೂರ್ತಿ ಲೆಕ್ಕ

2019ರ ಮಾರ್ಚ್ 26. ಇಂಗ್ಲೆಂಡಿನ ಬರ್ಕ್‌ಷೈರ್‌ನ ಆಂಟನಿ ಕ್ರಿಬ್ ಎಂಬ ಸಂಸ್ಥೆ ಹಳೆಯ ಆಯುಧಗಳ ಹರಾಜು ನಡೆಸುತ್ತಿತ್ತು. ದೊಡ್ಡ ಹೆಸರಿನ ಹರಾಜು ಮನೆ ಅಲ್ಲ. ಸೋಥೆಬೀಸ್, ಬೊನಾಮ್ಸ್ ಥರ ಪತ್ರಿಕೆಗಳಲ್ಲಿ ದಿನಾ ಕಾಣುವ ಹೆಸರೂ ಅಲ್ಲ. ಆದರೆ ಆ ದಿನ ನಮ್ಮ ಪತ್ರಿಕೆಗಳಲ್ಲೂ ಅದರ ಹೆಸರು ಬಂತು, ಯಾಕಂದರೆ ಕೆಟಲಾಗ್‌ನಲ್ಲಿ ಟಿಪ್ಪು ಸುಲ್ತಾನನದ್ದು ಅನ್ನಲಾದ ಒಂದು ಕೋವಿ ಇತ್ತು. ಬೆಳ್ಳಿ ಕಟ್ಟಿನ, 20 ಬೋರಿನ ಚಕಮಕಿ ಕೋವಿ, ಜೊತೆಗೆ ಅದರ ಬಯೋನೆಟ್, ಅಂದರೆ ಮೂತಿಗೆ ಸಿಕ್ಕಿಸುವ ಚೂರಿ. 14 ಕೂಗು ಬಿದ್ದವು, 60,000 ಪೌಂಡ್‌ಗೆ ಹೋಯಿತು. ಆಗಿನ ದರದಲ್ಲಿ ಸುಮಾರು 54 ಲಕ್ಷ ರೂಪಾಯಿ.

ಟಿಪ್ಪು ಹರಾಜು ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ಕತ್ತಿ. 2003ರಲ್ಲಿ ಲಂಡನ್ ಹರಾಜಿನಲ್ಲಿ ವಿಜಯ್ ಮಲ್ಯ ಕೊಂಡ ಕತ್ತಿ, 2023ರ ಮೇ ತಿಂಗಳಲ್ಲಿ ಬೊನಾಮ್ಸ್‌ನಲ್ಲಿ 1,40,80,900 ಪೌಂಡ್‌ಗೆ ಹೋದ ಶಯನಗೃಹದ ಕತ್ತಿ. ಕತ್ತಿ ಸುದ್ದಿಯಾಗುತ್ತದೆ, ಕೋವಿ ಅಷ್ಟಾಗಿ ಆಗಲ್ಲ. ಆದರೆ ಹಳೆಯ ಬಂದೂಕಿನ ವ್ಯಾಪಾರ ಹೇಗೆ ನಡೆಯುತ್ತದೆ, ಬೆಲೆ ಎಲ್ಲಿ ಹುಟ್ಟುತ್ತದೆ, ಯಾರು ಏನು ಪರೀಕ್ಷೆ ಮಾಡುತ್ತಾರೆ ಅಂತ ಗೊತ್ತಾಗಬೇಕಾದರೆ ಈ ಅಟ್ಟದ ಕೋವಿಯಷ್ಟು ಒಳ್ಳೆ ಉದಾಹರಣೆ ಇನ್ನೊಂದಿಲ್ಲ ಅನ್ನೋದು ನನ್ನ ಅನಿಸಿಕೆ.

ಅಟ್ಟ ಅಂದೆನಲ್ಲ, ಅದು ನಿಜವಾದ ಅಟ್ಟವೇ. ಬರ್ಕ್‌ಷೈರ್‌ನ ಒಂದು ದಂಪತಿ ಮನೆಯ ಮೇಲಿನ ಸಾಮಾನು ತೆಗೆದಾಗ ಹಳೆ ಪತ್ರಿಕೆಯಲ್ಲಿ ಸುತ್ತಿಟ್ಟ ಆಯುಧಗಳು ಸಿಕ್ಕವು. ಕೋವಿ, ಕತ್ತಿಗಳು, ಅಡಿಕೆ ಡಬ್ಬಿ, ಒಂದು ಚಿನ್ನದ ಮುದ್ರೆಯುಂಗುರ. ಇವೆಲ್ಲ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಎಂಬಾತ 1799ರ ಶ್ರೀರಂಗಪಟ್ಟಣ ಯುದ್ಧ ಮುಗಿಸಿ ಊರಿಗೆ ತಂದದ್ದು, ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು. ಉಂಗುರದ ಮೇಲೆ ಹಾರ್ಟ್ ಹೆಸರಿದೆ.

ಈ ಕೇಸಿನ ಕೀಲಿ ಆ ಉಂಗುರ. ಹರಾಜಿನಲ್ಲಿ ಅದು ಸಣ್ಣ ಲಾಟ್ (ಒಂದೊಂದಾಗಿ ಕೂಗುವ ಬಾಬ್ತು), ಕೋವಿಯ ಪಕ್ಕದಲ್ಲಿ ಇಟ್ಟರೆ ಚಿಲ್ಲರೆ ವಸ್ತು. ಆದರೆ ಅದಿಲ್ಲದೆ ಕೋವಿಯ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು ಅಂತ ಧೈರ್ಯವಾಗಿ ಹೇಳಬಹುದು. ಯಾಕೆ? ಟಿಪ್ಪು ತನ್ನ ಕೋವಿಗಳಿಗೆ ಬಿಲ್ಲು ಬರೆದುಕೊಡಲಿಲ್ಲ. 'ಇದು ಟಿಪ್ಪುವಿನದೇ' ಅಂತ ತೋರಿಸೋಕೆ ಇರುವ ಮುಖ್ಯ ದಾರಿ, ಅದನ್ನು ಅಲ್ಲಿಂದ ಎತ್ತಿಕೊಂಡು ಹೋದವನು ಯಾರು, ಅವನು ಆ ದಿನ ಅಲ್ಲಿದ್ದನಾ, ಅವನಿಂದ ಇವತ್ತಿನ ಮಾರಾಟಗಾರನ ತನಕ ಸರಪಳಿ ಕಡಿಯದೆ ಬಂದಿದೆಯಾ ಅಂತ ತೋರಿಸೋದು. ಅಂದರೆ ಲೂಟಿ ಮಾಡಿದವನ ಹೆಸರು ಎಷ್ಟು ಸ್ಪಷ್ಟವೋ ವಸ್ತುವಿನ ಬೆಲೆ ಅಷ್ಟು ಜಾಸ್ತಿ. ಕೇಳೋಕೆ ಕಸಿವಿಸಿ ಆಗುತ್ತೆ ಅಲ್ವಾ? ಆದರೆ ಈ ಮಾರುಕಟ್ಟೆ ನಿಂತಿರುವುದೇ ಇದರ ಮೇಲೆ.

1799ರ ಮೇ 4ರಂದು ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಪಟ್ಟಣ ಪೂರ್ತಿ ಲೂಟಿಯಾಯಿತು. ಮರುದಿನ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಬಂದು ಕೆಲವರನ್ನು ಗಲ್ಲಿಗೇರಿಸಿದ ಮೇಲೆ ಅದು ನಿಂತಿತು. ಆಮೇಲೆ ಶುರುವಾದದ್ದು 'ಅಧಿಕೃತ' ಹಂಚಿಕೆ. ಪ್ರೈಜ್ ಕಮಿಟಿ ಅಂತ ಒಂದು ಸಮಿತಿ ಅರಮನೆಯ ಸಾಮಾನಿಗೆ ಬೆಲೆ ಕಟ್ಟಿ, ಹುದ್ದೆಗೆ ತಕ್ಕಂತೆ ಪಾಲು ಹಾಕಿತು. ಹಂಚೋಕೆ ಅನುಕೂಲ ಅಂತ ಸಿಂಹಾಸನವನ್ನೇ ತುಂಡು ಮಾಡಿದರು. ಎಷ್ಟೋ ವಸ್ತುಗಳನ್ನು ಅಲ್ಲೇ, ಶ್ರೀರಂಗಪಟ್ಟಣದಲ್ಲೇ, ಹರಾಜು ಕೂಗಿದರು. ಟಿಪ್ಪು ಸಾಮಾನಿನ ಮೊದಲ ಹರಾಜು ನಡೆದದ್ದು ಲಂಡನ್‌ನಲ್ಲಿ ಅಲ್ಲ, ಕಾವೇರಿ ದಡದಲ್ಲಿ. ಹೀಗೆ ಪಾಲಿಗೆ ಬಂದದ್ದು, ಹರಾಜಿನಲ್ಲಿ ಕೊಂಡದ್ದು, ಸುಮ್ನೆ ಎತ್ತಿಕೊಂಡದ್ದು, ಈ ಮೂರೂ ಹಡಗು ಹತ್ತಿದವು. ಇನ್ನೂರು ವರ್ಷ ಆದಮೇಲೆ ಯಾವುದು ಯಾವುದು ಅಂತ ಬೇರೆ ಮಾಡೋದು ಕಷ್ಟದ ಕೆಲಸ.

ಹಾರ್ಟ್ ಕೋವಿಯ ಬಗ್ಗೆ ಹರಾಜುದಾರರು ಹೇಳಿದ ಮಾತು ಕುತೂಹಲದ್ದು. ಟಿಪ್ಪುವಿನ ಬೇರೆ ಕೋವಿಗಳು ಹೊಳೆಯುವ ಸ್ಥಿತಿಯಲ್ಲಿ ಸಿಗುತ್ತವೆ, ಯಾಕಂದರೆ ಅವು ಶಸ್ತ್ರಾಗಾರದಲ್ಲಿ ಇದ್ದಂಥವು, ಬಳಸಿದ್ದೇ ಕಡಿಮೆ. ಇದರ ಮೇಲೆ ಏಟಿನ ಗುರುತು ಇದೆ. ಹಾಗಾಗಿ ಇದು ಶಸ್ತ್ರಾಗಾರದಿಂದಲ್ಲ, ನೇರ ಯುದ್ಧದ ಜಾಗದಿಂದಲೇ ಎತ್ತಿದ್ದಿರಬೇಕು ಅನ್ನೋದು ಅವರ ವಾದ. ಟಿಪ್ಪು ಕೊನೆ ಗಳಿಗೆಯಲ್ಲಿ ಬಳಸಿದ್ದೇ ಇರಬಹುದಾ ಅನ್ನುವ ಆಸೆಯನ್ನು ಕೊಳ್ಳುವವನ ತಲೆಯಲ್ಲಿ ಬಿತ್ತೋಕೆ ಇಷ್ಟು ಸಾಕು.

ಸಾಮಾನ್ಯವಾಗಿ ಹಳೆ ಬಂದೂಕಿನ ವ್ಯಾಪಾರದಲ್ಲಿ ಪೆಟ್ಟು ಬಿದ್ದರೆ ಬೆಲೆ ಬೀಳುತ್ತದೆ. ಹಿಡಿಯ ಮರ ಸೀಳಿದ್ದರೆ, ಕುದುರೆ (ಕಲ್ಲು ಕಚ್ಚಿಕೊಂಡು ಬಡಿಯುವ ಭಾಗ) ಬದಲಿಸಿದ್ದರೆ, ನಳಿಗೆಯನ್ನು ಯಾರೋ ಉಜ್ಜಿ ಪಾಲಿಶ್ ಮಾಡಿದ್ದರೆ ಗಿರಾಕಿ ಮೂಗು ಮುರಿಯುತ್ತಾನೆ. ಇಲ್ಲಿ ಅದೇ ಪೆಟ್ಟನ್ನು ಬಂಡವಾಳ ಮಾಡಿಕೊಂಡರು. ಜಾಣತನ. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಪೆಟ್ಟು 1799ರದ್ದೋ ಅಥವಾ ಆಮೇಲಿನ ಇನ್ನೂರು ವರ್ಷದಲ್ಲಿ ಯಾರೋ ಮೆಟ್ಟಿಲ ಮೇಲಿಂದ ಬೀಳಿಸಿದ್ದೋ? ಮರದ ಸೀಳಿಗೆ ತಾರೀಕು ಇರಲ್ಲ. ನಾನು ಕೊಳ್ಳುವ ಜಾಗದಲ್ಲಿದ್ದರೆ ಪೆಟ್ಟಿನ ಕಥೆಗೆ ಒಂದು ಪೈಸೆಯೂ ಜಾಸ್ತಿ ಕೊಡುತ್ತಿರಲಿಲ್ಲ, ಉಂಗುರದ ಕಥೆಗೆ ಮಾತ್ರ ಕೊಡುತ್ತಿದ್ದೆ.

ಈಗ ಕೋವಿಯನ್ನೇ ಹತ್ತಿರದಿಂದ ನೋಡೋಣ. 20 ಬೋರ್ ಅಂದರೆ, ಆ ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡು 20 ಸೇರಿದರೆ ಒಂದು ಪೌಂಡ್ ತೂಕ. ನಳಿಗೆಯ ಬಾಯಿ ಸುಮಾರು 15.6 ಮಿಲಿಮೀಟರ್. ನಂಬರ್ ಕಡಿಮೆಯಾದಷ್ಟೂ ಬಾಯಿ ಅಗಲ, ಹಾಗಾಗಿ 14 ಬೋರ್ ಇದಕ್ಕಿಂತ ದಪ್ಪ. ಚಕಮಕಿ ಅಂದರೆ, ಕುದುರೆಯ ಹಲ್ಲಲ್ಲಿ ಒಂದು ಕಲ್ಲು ಕಚ್ಚಿಸಿರುತ್ತಾರೆ, ಟ್ರಿಗರ್ ಎಳೆದಾಗ ಅದು ಉಕ್ಕಿನ ತಟ್ಟೆಗೆ ಬಡಿದು ಕಿಡಿ ಹಾರುತ್ತದೆ, ಕಿಡಿ ಕೆಳಗಿನ ಬಟ್ಟಲಿನ ಮದ್ದಿಗೆ ಬೀಳುತ್ತದೆ, ಅಲ್ಲಿಂದ ಸಣ್ಣ ತೂತಿನ ಮೂಲಕ ಬೆಂಕಿ ಒಳಗೆ ನುಗ್ಗುತ್ತದೆ. ಕೊಡಗಿನ ಮನೆಗಳಲ್ಲಿ ಹಳೆ ತೋಕ್, ಅಂದರೆ ಕೋವಿ, ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಟಿಪ್ಪು ಕಾರ್ಖಾನೆಯ ಕೋವಿಗೆ ಅದರದ್ದೇ ಗುರುತುಗಳಿವೆ. ಮೊದಲನೆಯದು ಬಬ್ರಿ, ಅಂದರೆ ಹುಲಿಪಟ್ಟೆಯ ಚಿತ್ತಾರ, ಅದು ನಳಿಗೆಯ ಲೋಹದಲ್ಲೂ ಕಾಣುತ್ತದೆ, ಬೆಳ್ಳಿ ಕೆತ್ತನೆಯಲ್ಲೂ. ಹುಲಿ ತಲೆಗಳು, ಪರ್ಷಿಯನ್ ಸಾಲುಗಳು, ಹೈದರನ ಹೆಸರಿನ ಮುದ್ರೆ, ಕಮ್ಮಾರನ ಹೆಸರು, ತಯಾರಾದ ಊರು, ವರ್ಷ. ವರ್ಷದಲ್ಲಿ ಒಂದು ಕಿತಾಪತಿ ಇದೆ. ಟಿಪ್ಪು ಹಿಜರಿ ಬಿಟ್ಟು ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಅನ್ನೋ ತನ್ನದೇ ಲೆಕ್ಕ ತಂದ, ಮೇಲಾಗಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1793-94ಕ್ಕೆ ಸರಿಹೊಂದುವ 1222 ಅನ್ನೋ ವರ್ಷ ಕೋವಿಯ ಮೇಲೆ 2221 ಅಂತ ಕಾಣುತ್ತದೆ. ಗೊತ್ತಿಲ್ಲದವರು ತಲೆ ಕೆರೆದುಕೊಳ್ಳುತ್ತಾರೆ. ನಕಲಿ ಮಾಡುವವರೂ ಇಲ್ಲೇ ಎಡವುತ್ತಾರೆ: ಎಲ್ಲಿಂದಲೋ ಬಂದ ಹಳೆ ಕೋವಿಗೆ ಹುಲಿಪಟ್ಟೆ ಕೆತ್ತೋದು ಸುಲಭ, ಆದರೆ ವರ್ಷ, ಊರು, ಕಮ್ಮಾರ, ಮುದ್ರೆ ಈ ನಾಲ್ಕನ್ನೂ ಒಂದಕ್ಕೊಂದು ತಾಳೆಯಾಗುವಂತೆ ಕೂರಿಸೋದು ಸುಲಭ ಅಲ್ಲ. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ 1992ರಲ್ಲಿ ಟಿಪ್ಪುವಿನ ಕೋವಿಗಳ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಅಂಥ ಪುಸ್ತಕದಲ್ಲಿ ನಿಮ್ಮ ಕೋವಿಯ ಚಿತ್ರ ಇದ್ದರೆ ಮುಗೀತು, ಬೆಲೆ ಜಿಗಿಯುತ್ತದೆ.

ಎಷ್ಟು ಜಿಗಿಯುತ್ತದೆ ಅನ್ನೋದಕ್ಕೆ ಇದೇ ವಿಗಿಂಗ್ಟನ್ ಸಂಗ್ರಹ ಸಾಕ್ಷಿ. 2015ರ ಏಪ್ರಿಲ್ 21ರಂದು ಬೊನಾಮ್ಸ್ ಲಂಡನ್‌ನಲ್ಲಿ ಟಿಪ್ಪು ಸಂಗ್ರಹದ 30 ಲಾಟ್ ಹರಾಜಿಗಿಟ್ಟಿತು, ಒಟ್ಟು 60 ಲಕ್ಷ ಪೌಂಡ್ ದಾಟಿತು. ಅದರಲ್ಲಿ ಟಿಪ್ಪುವಿನ ಖಾಸಗಿ ಬೇಟೆ ಕೋವಿ ಒಂದಿತ್ತು, ಒಂದೇ ನಳಿಗೆಯಲ್ಲಿ ಎರಡು ಸಲ ಹೊಡೆಯುವಂಥದ್ದು. ಒಂದು ಮದ್ದು-ಗುಂಡಿನ ಮುಂದೆ ಇನ್ನೊಂದು ಮದ್ದು-ಗುಂಡು ತುಂಬುತ್ತಾರೆ, ಮುಂದಿನದ್ದು ಮೊದಲು ಹಾರಬೇಕು, ಆಮೇಲೆ ಹಿಂದಿನದ್ದು. ಉಲ್ಟಾ ಆದರೆ ನಳಿಗೆ ಒಡೆದು ಹೊಡೆದವನ ಮುಖಕ್ಕೇ ಬರುತ್ತದೆ. ಇಂಥದ್ದನ್ನು ಮಾಡೋಕೆ ಕಮ್ಮಾರನಿಗೆ ತನ್ನ ಕೈ ಮೇಲೆ ಎಂಥ ಭರವಸೆ ಇರಬೇಕು! ಅಂದಾಜು 1 ಲಕ್ಷದಿಂದ 1.5 ಲಕ್ಷ ಪೌಂಡ್ ಅಂತ ಹಾಕಿದ್ದರು. ಹೋದದ್ದು 7,22,500 ಪೌಂಡ್‌ಗೆ, ಸುಮಾರು 6.8 ಕೋಟಿ ರೂಪಾಯಿ. ಅದೇ ದಿನ ಒಂದು ಕಂಚಿನ ಫಿರಂಗಿ 14,26,500 ಪೌಂಡ್ ಮುಟ್ಟಿತು.

ಆ 7,22,500 ಅನ್ನೋ ಸಂಖ್ಯೆಯನ್ನು ಸ್ವಲ್ಪ ಬಿಚ್ಚಿ ನೋಡಿ, ಹರಾಜಿನ ಅರ್ಧ ಪಾಠ ಅಲ್ಲೇ ಇದೆ. ಇಷ್ಟು ವಿಚಿತ್ರ ಮೊತ್ತವನ್ನು ಸಭೆಯಲ್ಲಿ ಯಾರೂ ಕೂಗಲ್ಲ. ಆಗ ಬೊನಾಮ್ಸ್ ಕೊಳ್ಳುವವನಿಂದ ಮೊದಲ 50,000 ಪೌಂಡ್ ಮೇಲೆ 25 ಶೇಕಡ, ಅಲ್ಲಿಂದ 10 ಲಕ್ಷದ ತನಕ 20, ಅದರ ಮೇಲೆ 12 ಶೇಕಡ ಪ್ರೀಮಿಯಂ ತೆಗೆದುಕೊಳ್ಳುತ್ತಿತ್ತು. ಹಿಂದಕ್ಕೆ ಲೆಕ್ಕ ಹಾಕಿದರೆ ಸುತ್ತಿಗೆ ಬಿದ್ದದ್ದು, ಅಂದರೆ ಸಭೆಯಲ್ಲಿ ಕೂಗು ನಿಂತದ್ದು, ಸರಿಯಾಗಿ 6,00,000ಕ್ಕೆ. ಮೊದಲ 50,000ಕ್ಕೆ 12,500, ಉಳಿದ 5,50,000ಕ್ಕೆ 1,10,000. ಒಟ್ಟು 1,22,500 ಪೌಂಡ್ ಕೊಂಡವನ ಜೇಬಿಂದ ಹರಾಜು ಮನೆಗೆ. ಇದು ಸಾಲದು ಅಂತ ಮಾರುವವನಿಂದಲೂ ಕಮಿಷನ್ ಇರುತ್ತದೆ. ಮೇಲೆ ತೆರಿಗೆ, ವಿಮೆ, ಸಾಗಣೆ. ಅಂದಾಜು ಬೆಲೆಯನ್ನು ಮಾತ್ರ ಸುತ್ತಿಗೆ ಬೆಲೆಗೆ ಹಾಕಿರುತ್ತಾರೆ, ಪತ್ರಿಕೆಗೆ ಕೊಡುವುದು ಪ್ರೀಮಿಯಂ ಸೇರಿದ ದೊಡ್ಡ ಸಂಖ್ಯೆ. ಎರಡನ್ನೂ ಪಕ್ಕಪಕ್ಕ ಇಟ್ಟು 'ಅಂದಾಜಿನ ಏಳು ಪಟ್ಟು!' ಅಂತ ತಲೆಬರಹ ಬರುತ್ತದೆ. ಆರು ಪಟ್ಟು ಕೂಡ ಸಣ್ಣದಲ್ಲ ಬಿಡಿ, ಆದರೆ ಮಾರುಕಟ್ಟೆ ಅರ್ಥ ಮಾಡಿಕೊಳ್ಳಬೇಕು ಅನ್ನುವವರು ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು.

ಅಂದಾಜು ಅಷ್ಟು ಕಮ್ಮಿ ಯಾಕೆ ಹಾಕುತ್ತಾರೆ? ಬೇಕಂತಲೇ. ಕಮ್ಮಿ ಅಂದಾಜು ನೋಡಿ ಹತ್ತು ಜನ ಬರುತ್ತಾರೆ, ಅದರಲ್ಲಿ ಬಿಡಲ್ಲ ಅಂತ ಹಟ ಹಿಡಿದವರು ಇಬ್ಬರಿದ್ದರೆ ಸಾಕು.

ಹಾಗಿದ್ದರೆ ಒಂದೇ ಸುಲ್ತಾನನ ಹೆಸರಿನ ಒಂದು ಕೋವಿ 60,000, ಇನ್ನೊಂದು ಸುತ್ತಿಗೆ ಬೆಲೆಯಲ್ಲೇ 6,00,000. ಹತ್ತು ಪಟ್ಟು ಅಂತರ. ಇದರಲ್ಲಿ ಕೆಲಸದ ಸೂಕ್ಷ್ಮ ಒಂದು ಪಾಲು, ಹರಾಜು ಮನೆಯ ಗಿರಾಕಿ ಪಟ್ಟಿ ಒಂದು ಪಾಲು. ಬೊನಾಮ್ಸ್‌ಗೆ ದೋಹಾದಿಂದಲೂ ನ್ಯೂಯಾರ್ಕ್‌ನಿಂದಲೂ ಫೋನ್ ಬರುತ್ತದೆ, ಬರ್ಕ್‌ಷೈರ್‌ನ ಮನೆಗೆ ಅಷ್ಟು ಬರಲ್ಲ. ಆದರೆ ದೊಡ್ಡ ಪಾಲು ಕಾಗದದ್ದೇ. ಒಂದರ ಹಿಂದೆ ದಶಕಗಳ ಅಧ್ಯಯನ, ಪರಿಣತರ ಒಪ್ಪಿಗೆ ಇತ್ತು. ಇನ್ನೊಂದು ಮೊನ್ನೆ ಅಟ್ಟದಿಂದ ಇಳಿದದ್ದು, ಉಂಗುರದ ಸಾಕ್ಷಿ ಹೊಸದು, ಬೇರೆಯವರು ಕೂತು ಪರೀಕ್ಷೆ ಮಾಡೋಕೆ ಸಮಯವೇ ಸಿಕ್ಕಿರಲಿಲ್ಲ. ನನ್ನ ಪ್ರಕಾರ ಆ ದಂಪತಿ ಅವಸರ ಮಾಡಿದರು. ಹಾರ್ಟ್‌ನ ಸೇನಾ ದಾಖಲೆ, ಕುಟುಂಬದ ಪತ್ರಗಳು, ಕೋವಿಯ ಮೇಲಿನ ಬರಹದ ಪೂರ್ತಿ ಓದು, ಇಷ್ಟನ್ನು ಒಂದೆರಡು ವರ್ಷ ಸಮಾಧಾನವಾಗಿ ಮಾಡಿಸಿ ದೊಡ್ಡ ಇಸ್ಲಾಮಿಕ್-ಭಾರತೀಯ ಕಲೆಯ ಹರಾಜಿಗೆ ತಂದಿದ್ದರೆ ಮೊತ್ತ ಬೇರೆಯೇ ಇರುತ್ತಿತ್ತು. ಕೊಂಡವನಿಗೆ ಅದು ಗೊತ್ತಿತ್ತು ಅಂತ ಕಾಣುತ್ತದೆ.

ಹರಾಜಿಗೆ ಮುಂಚೆ ಗಲಾಟೆಯೂ ಆಯಿತು. ಕಳುವಾದ ಭಾರತೀಯ ವಸ್ತುಗಳನ್ನು ಹಿಂದೆ ತರಿಸೋಕೆ ಓಡಾಡುವ ಇಂಡಿಯಾ ಪ್ರೈಡ್ ಪ್ರಾಜೆಕ್ಟ್ ಎಂಬ ಸ್ವಯಂಸೇವಕರ ಗುಂಪು ವಿಷಯ ಎತ್ತಿತು, ಲಂಡನ್‌ನ ಭಾರತದ ಹೈಕಮಿಷನ್ ಕೂಡ ಹರಾಜು ಮನೆಯನ್ನು ಸಂಪರ್ಕಿಸಿ ವಾಪಸು ಕೊಡುವ ಬಗ್ಗೆ ಯೋಚಿಸಿ ಅಂತ ಕೇಳಿತು. ಏನೂ ಆಗಲಿಲ್ಲ. ಆಗುವ ಹಾಗೂ ಇರಲಿಲ್ಲ. ಕಳುವಾದ ಪುರಾತನ ವಸ್ತುಗಳ ಬಗ್ಗೆ ಇರುವ 1970ರ ಯುನೆಸ್ಕೋ ಒಪ್ಪಂದ ಹಿಂದಿನದಕ್ಕೆ ಅನ್ವಯಿಸಲ್ಲ, ಬ್ರಿಟನ್ ಅದಕ್ಕೆ ಸೇರಿದ್ದೇ 2002ರಲ್ಲಿ. 1799ರ ಲೂಟಿ ಆ ಕಾಲದ ಬ್ರಿಟಿಷ್ ಕಾನೂನಿನ ಕಣ್ಣಲ್ಲಿ ಲೂಟಿಯೇ ಅಲ್ಲ, ಗೆದ್ದವರ 'ಪ್ರೈಜ್'. ಹಾಗಾಗಿ ಕೇಳೋದು ಬಿಟ್ಟರೆ ನಮ್ಮ ಕೈಲಿ ಕಾನೂನಿನ ಅಸ್ತ್ರ ಇರಲಿಲ್ಲ. ಉಳಿದ ದಾರಿ ಒಂದೇ, ದುಡ್ಡು ಕೊಟ್ಟು ಕೊಳ್ಳೋದು. ಸರ್ಕಾರ ಕೊಳ್ಳುತ್ತಾ? 2015ರ ಏಪ್ರಿಲ್‌ನಲ್ಲಿ ಲಂಡನ್ ಹರಾಜು ನಡೆದ ಅದೇ ವರ್ಷ ನವೆಂಬರ್‌ನಲ್ಲಿ ಇಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರ ಜುಲೈನಲ್ಲಿ ಇನ್ನೊಂದು ಸರ್ಕಾರ ಅದನ್ನು ರದ್ದು ಮಾಡಿತು. ಜಯಂತಿಯೇ ಹೀಗಾದರೆ ಕೋವಿಗೆ ಬಜೆಟ್‌ನಲ್ಲಿ ಕೋಟಿ ಎತ್ತಿಡೋಕೆ ಯಾವ ಮಂತ್ರಿ ಮುಂದೆ ಬರುತ್ತಾನೆ?

ಖಾಸಗಿಯವರಿಗೂ ಒಂದು ತೊಡಕಿದೆ, ಅದನ್ನು ಯಾರೂ ಜಾಸ್ತಿ ಮಾತಾಡಲ್ಲ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಬೆಂಗಳೂರಿನ ಶ್ರೀಮಂತರೊಬ್ಬರು 7 ಕೋಟಿ ಕೊಟ್ಟು ಕೋವಿ ಮನೆಗೆ ತಂದರೆ, ನಾಳೆ ಮಾರಬೇಕಾದಾಗ ಲಂಡನ್ ಬಾಗಿಲು ಮುಚ್ಚಿರುತ್ತದೆ, ಇಲ್ಲಿನ ಗಿರಾಕಿಗೇ ಮಾರಬೇಕು, ಇಲ್ಲಿ ಅಷ್ಟು ಬೆಲೆ ಕೊಡುವವರು ಎಷ್ಟು ಜನ? ವಸ್ತು ದೇಶ ಬಿಟ್ಟು ಹೋಗದಿರಲಿ ಅಂತ ಮಾಡಿದ ಕಾನೂನೇ, ಹೊರಗಿರುವುದು ಒಳಗೆ ಬರದ ಹಾಗೆ ತಡೆಯುತ್ತಿದೆ. ಪರವಾನಗಿಯ ಭಯ ಮಾತ್ರ ಅಷ್ಟು ಬೇಡ: 1959ರ ಆಯುಧ ಕಾಯ್ದೆಯ 45ನೇ ಕಲಂ, ಹಳೆ ಮಾದರಿಯ ಅಥವಾ ಪುರಾತನ ವಸ್ತುವಾಗಿ ಬೆಲೆಯುಳ್ಳ, ರಿಪೇರಿ ಮಾಡಿದರೂ ಹೊಡೆಯೋಕೆ ಬಾರದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ 'ರಿಪೇರಿ ಮಾಡಿದರೂ' ಅನ್ನುವಲ್ಲಿ ಸಿಕ್ಕಿಬೀಳಬಹುದು, ಚೆನ್ನಾಗಿ ಉಳಿದ ಚಕಮಕಿ ಕೋವಿ ಕಲ್ಲು ಬದಲಿಸಿದರೆ ಇವತ್ತೂ ಹೊಡೆಯುತ್ತದೆ. ಬ್ರಿಟನ್‌ನಲ್ಲಿ ಅಲಂಕಾರಕ್ಕೋ ಕುತೂಹಲಕ್ಕೋ ಇಟ್ಟುಕೊಂಡ ಪುರಾತನ ಕೋವಿಗೆ 1968ರ ಕಾಯ್ದೆಯಲ್ಲೇ ವಿನಾಯಿತಿ ಇದೆ, ಯಾವುದು ಪುರಾತನ ಅನ್ನೋದನ್ನು 2021ರ ನಿಯಮಗಳು ಇನ್ನೂ ಬಿಗಿಯಾಗಿ ಹೇಳಿವೆ. ಮೂತಿಯಿಂದ ಮದ್ದು ತುಂಬುವ ಕೋವಿಗೆ ಅಲ್ಲಿ ತಕರಾರಿಲ್ಲ.

ಮಜಾ ಏನಂದರೆ, ವಸ್ತು ಹೊರಗೆ ಹೋಗದಂತೆ ತಡೆಯೋದು ನಾವೊಬ್ಬರೇ ಅಲ್ಲ. 2023ರಲ್ಲಿ ಬ್ರಿಟನ್ ಸರ್ಕಾರ ಟಿಪ್ಪುವಿಗಾಗಿ ಮಾಡಿದ ಇನ್ನೊಂದು ಕೋವಿಯ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. 14 ಬೋರಿನ ಬೇಟೆ ಕೋವಿ, 1793-94ರದ್ದು, ಮಾಡಿದವನು ಅಸದ್ ಖಾನ್ ಮಹಮ್ಮದ್. ಬೆಲೆ 20 ಲಕ್ಷ ಪೌಂಡ್, ಹೆಚ್ಚುಕಮ್ಮಿ 20 ಕೋಟಿ ರೂಪಾಯಿ. ಅದು ಕಾರ್ನ್‌ವಾಲಿಸ್‌ಗೆ ಉಡುಗೊರೆಯಾಗಿ ಹೋದದ್ದು ಅಂತ ದಾಖಲೆ. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಅದೇ ಕಾರ್ನ್‌ವಾಲಿಸ್. ಇಂಥ ತಡೆ ಹಾಕುವಾಗ ಅವರು ಕೇಳುವ ಪ್ರಶ್ನೆ ಮೂರು: ಬ್ರಿಟನ್ನಿನ ಇತಿಹಾಸಕ್ಕೆ ಹತ್ತಿರದ ನಂಟಿದೆಯಾ, ಕಲೆಯಾಗಿ ಅಸಾಮಾನ್ಯವಾ, ಅಧ್ಯಯನಕ್ಕೆ ಮುಖ್ಯವಾ. ಶ್ರೀರಂಗಪಟ್ಟಣದ ಸುಲ್ತಾನನ ಕೋವಿಯನ್ನು ಬ್ರಿಟನ್ನಿನ ಪರಂಪರೆ ಅಂತ ಕಾಪಾಡುತ್ತಾರೆ ಅಂದರೆ ನಗು ಬರುತ್ತದೆ, ಆದರೆ ವ್ಯಾಪಾರದ ದೃಷ್ಟಿಯಲ್ಲಿ ಈ ತಡೆ ಒಂದು ಸರ್ಟಿಫಿಕೇಟ್ ಇದ್ದ ಹಾಗೆ. ಸರ್ಕಾರಿ ತಜ್ಞರ ಸಮಿತಿ ಕೂತು ನೋಡಿ 'ಇದು ಹೋಗಬಾರದು' ಅಂದ ಮೇಲೆ ಅಸಲಿಯತ್ತಿನ ಬಗ್ಗೆ ಅನುಮಾನ ಎಲ್ಲಿ ಉಳಿಯುತ್ತದೆ?

ಇಂಥ ಲಾಟ್ ಮುಂದೆ ಬಂದಾಗ ಕೆಟಲಾಗ್ ಓದುವ ರೀತಿಯೂ ಗೊತ್ತಿರಬೇಕು. 'ಟಿಪ್ಪುವಿನ ಖಾಸಗಿ ಶಸ್ತ್ರಾಗಾರದ' ಅಂದರೆ ಒಂದು ಬೆಲೆ. 'ಟಿಪ್ಪುವಿನ ಕಾರ್ಖಾನೆಯ' ಅಂದರೆ ಅದು ಸಿಪಾಯಿಯ ಕೋವಿಯೂ ಇರಬಹುದು, ಶ್ರೀರಂಗಪಟ್ಟಣ, ಬೆಂಗಳೂರು, ನಗರ (ಬಿದನೂರು), ಚಿತ್ರದುರ್ಗಗಳ ಕಾರ್ಖಾನೆಗಳಿಂದ ಅಂಥವು ರಾಶಿ ರಾಶಿ ಬಂದವು. 'ಮೈಸೂರು, 18ನೇ ಶತಮಾನದ ಕೊನೆ' ಅಂದರೆ ಹರಾಜು ಮನೆಯವರು ಕೈ ತೊಳೆದುಕೊಂಡಿದ್ದಾರೆ ಅಂತ ಲೆಕ್ಕ. ಕುಟುಂಬದ ಬಾಯಿಮಾತನ್ನು 'ಪರಂಪರೆಯ ಪ್ರಕಾರ' ಅಂತ ಬರೆದಿರುತ್ತಾರೆ, ಅದಕ್ಕೆ ಮಾರಾಟಗಾರ ಹೊಣೆ ಅಲ್ಲ. ಸ್ಥಿತಿ ವರದಿಯನ್ನು ಕೇಳಿ ತರಿಸಿಕೊಳ್ಳಬೇಕು, ಕೇಳದಿದ್ದರೆ ಕೊಡಲ್ಲ. ಕಿಡಿ ಹಾರಿಸುವ ಕೀಲಿನ ಒಳಭಾಗದ ಫೋಟೋ ಕೇಳಿ. ಹೊರಗೆ ಹುಲಿ ಇದ್ದು ಒಳಗೆ ಇಂಗ್ಲೆಂಡಿನ ಸ್ಪ್ರಿಂಗ್ ಇದ್ದರೆ ಯಾರೋ ಆಮೇಲೆ ಕೈಯಾಡಿಸಿದ್ದಾರೆ.

ಹಾರ್ಟ್ ಮನೆಯ ಎಂಟು ವಸ್ತುಗಳು ಸೇರಿ ಆ ದಿನ 1,07,000 ಪೌಂಡ್ ಆಯಿತು. ಒಂದು ಚಿನ್ನದ ಕೆಲಸದ ಕತ್ತಿ, ಹೈದರಾಲಿಯದ್ದಿರಬಹುದು ಅಂತ ಹೇಳಿದ್ದು, ಬರೀ 18,500ಕ್ಕೆ ಹೋಯಿತು. ಕತ್ತಿಯೇ ಸುದ್ದಿಯಾಗುವ ಈ ಲೋಕದಲ್ಲಿ ಅಂದು ಕೋವಿ ಅದರ ಮೂರು ಪಟ್ಟಿಗಿಂತ ಜಾಸ್ತಿ ತಂದಿತು. ನಾಲ್ಕು ವರ್ಷದ ನಂತರ ಬೊನಾಮ್ಸ್‌ನಲ್ಲಿ 144 ಕೋಟಿ ರೂಪಾಯಿ ಮುಟ್ಟಿದ ಕತ್ತಿಗೂ ಹೈದರನದ್ದು ಅನ್ನಲಾದ ಈ ಕತ್ತಿಗೂ ಇದ್ದ ವ್ಯತ್ಯಾಸದಲ್ಲಿ ದೊಡ್ಡದು ಇದು: ಬೊನಾಮ್ಸ್ ಕತ್ತಿಯ ಮೇಲೆ, ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದ ಬೇರ್ಡ್‌ನ ಹೆಸರು ಹೇಳಿ, 'ಇದನ್ನು ಸೇನೆಯವರು ಜನರಲ್ ಬೇರ್ಡ್‌ಗೆ ಕೊಟ್ಟರು' ಅಂತ ಇಂಗ್ಲಿಷಿನಲ್ಲಿ ಕೆತ್ತಿತ್ತು. ಹೈದರನ ಕತ್ತಿಯ ಹಿಂದೆ ಇದ್ದದ್ದು 'ಇರಬಹುದು'.